ಹತ್ತು ಬೀಜದ ಸೋರೆಕಾಯಿ

ಬ್ಯಾಸಿಗಿ ಮಧ್ಯಾಹ್ನ ಅಹ್ಮದಿಯೊಳಗ ಮನುಷ್ಯಾರ ಇರ್ತಿರ್ಲಿಲ್ಲ. ಇರ್ತಿದ್ರು, ಎಲ್ಲಾರೂ ಏಸಿ ಒಳಗ. ಹೊರಗ ಬಿಸಲು, ಒಂದು ಬೇವಿನ ಗಿಡ, ಅದರ ಬುಡಕ್ಕ ನಾ. ಬಂಗಲೆ ಗ್ವಾಡಿ ಬಿಳೇದು, ಆಕಾಶನೂ ಬಿಳೇದು. ಗ್ವಾಡಿ ಎಲ್ಲಿ ಮುಗಿದು ಆಕಾಶ ಎಲ್ಲಿ ಸುರು ಆತು ಅಂತ ತಿಳೀತಿರ್ಲಿಲ್ಲ. ಅಂಥಾ ಹೊತ್ತಿನ್ಯಾಗ ಒಬ್ಬಾಂವ ನನ್ನ ಬಾಜೂಕ ಕುಂತು ಚೀನಾದ ಭಾಷಾದಾಗ ಒಕ್ಕಲುತನದ ಪುಸ್ತಕ ಓದ್ತಿದ್ದ. ನಾ ಅರ್ಧ ನಿದ್ದ್ಯಾಗ ಕೇಳ್ತಿದ್ದೆ. ಈಗ ನೆನಸಿಕೊಂಡ್ರ ಕನಸು ಬಿದ್ದಿತ್ತೇನೋ ಅನಸ್ತೈತಿ. ಕನಸಲ್ಲ. ನಡದದ್ದು.

ನಾ ಅಲ್ಲಿ ಮಾಲಿ. ಅಹ್ಮದಿ ಅಂದ್ರ ಕುವೈತಿನ್ಯಾಗ ಎಣ್ಣಿ ಕಂಪನಿ ಊರು. ದೊಡ್ಡ ಸಾಹೇಬ್ರಿಗೆಲ್ಲಾ ಬಂಗಲೆ, ಬಂಗಲೆಗೊಂದು ತೋಟ, ತೋಟಕ್ಕ ನನ್ನಂಥಾಂವ ಒಬ್ಬ. ನಾ ಬಿಜಾಪುರ ಕಡೆಯಾಂವ, ನಾಕನೇತ್ತಕ್ಕ ಸಾಲಿ ಬಿಟ್ಟಾಂವ. ನನ್ನ ಕರಸಿಕೊಂಡಾಂವ ಕಾಕಾ. ಸ್ವಂತ ಕಾಕಾ ಅಲ್ಲ, ನಮ್ಮೂರ ಹಿರ್ಯಾ, ಪೈಪ್‌ಲೈನಿನ್ಯಾಗ ವೆಲ್ಡರ್. ಬಾಜೂಕಿನ ಅಬು ಹಲೀಫಾದಾಗ ಒಂದು ಖೋಲಿ ಹಿಡದು ಇಬ್ರೂ ಇದ್ವಿ. ಅಡಗಿ ಕಾಕಾಂದು, ಭಾಂಡಿ ನಂದು.

ಪುಸ್ತಕ ಓದಾಂವ ಬಡಿಗೇರ. ಚೀನಾದಾಂವ. ಕಟ್ಟಡದ ಕಂಪನಿಯೊಂದ್ರಾಗ ಇದ್ದ, ಅವ್ರ ಮಂದಿ ಎಲ್ಲಾ ಊರ ಹೊರಗ ಕ್ಯಾಂಪಿನ್ಯಾಗ ಇರ್ತಿದ್ರು. ನನ್ನ ಸಾಹೇಬನ ಮನ್ಯಾಗ ಕಟಗಿ ಕಪಾಟು ಕೂಡ್ಸಾಕ ದಿನಾ ಬರ್ತಿದ್ದ. ನಮ್ಮ ಕಾಕಾನ ವಯಸ್ಸು. ಅಂವ ಮಾತಾಡೂದು ಹರಕ ಅರಬ್ಬಿ, ನಂದೂ ಹರಕ ಅರಬ್ಬಿ. ಎರಡೂ ಹರಕ ಕೂಡ್ಸಿ ಹೊಲಕೊಂಡು ಮಾತಾಡ್ತಿದ್ವಿ. ಸಾಲದ್ದಕ್ಕ ಕೈ ಇದ್ವು.

ಆ ವರ್ಷ ಬಿಸಲು ಇನ್ನೂ ಪೂರಾ ಏರಿರ್ಲಿಲ್ಲ. ಒಂದಿನ ಅಂವ ಕಿಸೇದಾಗಿಂದ ಒಂದು ಅರಿವಿ ಗಂಟು ತಗದು ಬಿಚ್ಚಿದ. ಸೋರೆಕಾಯಿ ಬೀಜ. ಹತ್ತು.

"ಅಮ್ಮಂದು" ಅಂದ.

ಅವರಮ್ಮ ಪ್ರತಿ ವರ್ಷ ಅದನ್ನ ಹಾಕ್ತಿದ್ದಳಂತ. ಬಲತ ಕಾಯಿ ಒಣಗಿಸಿ, ಸೀಳಿ, ನೀರು ತೋಡೂ ಸೌಟು ಮಾಡ್ತಿದ್ದಳಂತ. ಅಮ್ಮ ಸತ್ತಳು. ಹೋದ ವರ್ಷ ಅವರೂರ ಹೊಳಿ ಬಂದು ಮನಿ ಬಿತ್ತು, ಬೀಜ ಇಟ್ಟ ಗಡಿಗಿ ಹೋತು. ಅಂವ ಕುವೈತಿಗೆ ಬರೂವಾಗ ಸುಮ್ನ ಕಿಸೇದಾಗ ಹಾಕ್ಕೊಂಡು ಬಂದಿದ್ನಲ್ಲ, ಆ ಹತ್ತು ಅಷ್ಟ ಉಳದಿದ್ವು. ಅವೂ ಹಳೇವು. ಇನ್ನೊಂದು ವರ್ಷ ಬಿಟ್ರ ಏಳೂದಿಲ್ಲ. ಈ ವರ್ಷ ಇಲ್ಲೇ ಹಾಕಬೇಕು, ಬೀಜ ಮಾಡ್ಕೊಬೇಕು, ಊರಿಗೆ ಒಯ್ಯಬೇಕು. ಜಾಗಾ ಕೊಡ್ತೀಯೇನು ಅಂತ ಕೇಳಿದ.

ಸಾಹೇಬ ಹಿತ್ತಲಕ್ಕ ಎಂದೂ ಬರ್ತಿರ್ಲಿಲ್ಲ. ಏಸಿ ನೀರು ಬೀಳೂ ಜಾಗಾ ತೋರಿಸಿದೆ. ಹಾಕು ಅಂದೆ.

ಆವಾಗ ಬಂತು ಪುಸ್ತಕ. ಹಳೇ ಕಾಲದ ಚೀನಾದ ಮಂದಿ ಒಕ್ಕಲುತನದ ಬಗ್ಗೆ ಬರದಿಟ್ಟದ್ದನ್ನ ಯಾರೋ ಸೋವಿ ಕಾಗದದ ಮ್ಯಾಲೆ ಛಾಪಿಸಿದ್ರು. ರಟ್ಟು ಹರದು ಅಂವ ಪ್ಯಾಕಿಂಗ್ ಟೇಪ್ ಹಚ್ಚಿದ್ದ. ಸಣ್ಣ ಹುಡುಗ್ರ ಗತೆ ಬೆರಳು ಇಟ್ಟು ಇಟ್ಟು ಓದ್ತಿದ್ದ. ಒಂದು ಸಾಲು ಓದೂದು, ನಿಂದ್ರೂದು, ನನಗ ಹರಕ ಅರಬ್ಬ್ಯಾಗ ಹೇಳೂದು. ಹೇಳೂದ್ರಾಗ ನನ್ನ ಕಣ್ಣು ಮುಚ್ಚಿರ್ತಿದ್ವು.

ಅದ್ರಾಗ ಬರದದ್ದು ಏನಂದ್ರ, ಹತ್ತು ಬೀಜ ಒಂದ ಕುಣ್ಯಾಗ ಹಾಕಬೇಕು. ಬಳ್ಳಿ ಮೊಳ ಬೆಳದಮ್ಯಾಲೆ ಹತ್ತೂ ದಂಟು ಕೂಡ್ಸಿ ಅರಿವಿಲೆ ಬಿಗಿಯಾಗಿ ಸುತ್ತಿ, ಮ್ಯಾಲೆ ಹಸಿ ಮಣ್ಣು ಮೆತ್ತಬೇಕು. ಸ್ವಲ್ಪ ದಿನದಾಗ ಹತ್ತೂ ಹತ್ತಿಕೊಂಡು ಒಂದ ದಂಟು ಆಗ್ತೈತಿ. ಆವಾಗ ಗಟ್ಟಿದ್ದ ತುದಿ ಒಂದನ್ನ ಇಟ್ಟು ಉಳದ ಒಂಬತ್ತನ್ನೂ ಚಿವುಟಬೇಕು. ಹತ್ತು ಬೇರಿನ ನೀರು ಒಂದು ಬಳ್ಳಿ ಕುಡೀತೈತಿ.

ನಾ ಎದ್ದು ಕುಂತೆ. "ಹುಚ್ಚೇನು ನಿನಗ? ಇರೂದ ಹತ್ತು ಬೀಜ. ಹತ್ತು ಕಡೆ ಹಾಕು. ನಾಕು ಸತ್ರ ಆರು ಉಳೀತಾವ."

"ಇಲ್ಲಿ ಬಿಸಲಿಗೆ ಹತ್ತೂ ಸಾಯ್ತಾವ. ಒಂದಾದ್ರ ಬದಕ್ತೈತಿ" ಅಂದ. "ಪುಸ್ತಕ ಹೇಳ್ತೈತಿ."

"ಪುಸ್ತಕ ಕುವೈತಿಗೆ ಬಂದಿತ್ತೇನು?"

ಅಂವ ನಕ್ಕ. ಹಾಕಿದ.

ನೀರಿಗೂ ಪುಸ್ತಕದಾಗ ಉಪಾಯ ಇತ್ತು. ಮಣ್ಣಿನ ಗಡಿಗಿ ಒಂದನ್ನ ಬಾಯಿ ಮಟ್ಟ ಹೂಳಬೇಕು, ನೀರು ತುಂಬಿ ಮುಚ್ಚಬೇಕು. ಗಡಿಗಿ ಒಳಗೊಳಗ ಬೆವರ್ತೈತಿ, ಬೇರು ಬಂದು ಅದನ್ನ ತಬ್ಬಿಕೊಂಡು ಕುಡೀತಾವ. "ಮೋಯಾ ಮ್ಯಾಲೆ ಮಾಫಿ. ಮೋಯಾ ಕೆಳಗ" ಅಂತ ನೆಲಾ ಬಡದು ಹೇಳಿದ. ನೀರು ಮ್ಯಾಲೆ ಹಾಕಬ್ಯಾಡ ಅಂತ. ಸೂಕ್ ಅಂತಾರಲ್ಲ, ಅಲ್ಲೀ ಪ್ಯಾಟಿ, ಅಲ್ಲಿಂದ ಒಂದು ಗಡಿಗಿ ತಂದು ಹೂಳಿ, ಏಸಿ ಪೈಪ್ ಅದರ ಬಾಯಿಗೆ ಇಳಿಬಿಟ್ವಿ. ಟಪ್, ಟಪ್. ಹಗಲೆಲ್ಲಾ ಆ ಸಪ್ಪಳ. ಅಂವ ಓದೂದು, ಟಪ್, ಮತ್ತ ಓದೂದು. ಕಣ್ಣು ಮುಚ್ಚಿದ್ರ ನಂಗ ಯಾವುದೋ ಹೊಳಿ ದಂಡಿ ಕಾಣ್ತಿತ್ತು. ಮಂದಿ ಮೊಣಕಾಲ ತನಕ ನೀರಾಗ ನಿಂತಿರ್ತಿದ್ರು, ಯಾರ ಮುಖಾನೂ ಇರ್ತಿರ್ಲಿಲ್ಲ. ಒಬ್ಬಾಕಿ ಬುರುಡಿ ಸೌಟಿಲೆ ನೀರು ತೋಡಿ ನಂಗ ಕೊಡ್ತಿದ್ದಳು. ಕುಡ್ಯಾಕ ಬಾಯಿ ತಗದ್ರ ಎಚ್ಚರ ಆಗ್ತಿತ್ತು. ಬಾಯಿ ಒಣಗಿರ್ತಿತ್ತು.

ಕಾಕಾಗ ಇದನ್ನೆಲ್ಲಾ ಹೇಳಿದ್ರ ಮಸ್ಕಿರಿ ಮಾಡ್ತಿದ್ದ.

"ಅದ್ರಾಗ ಮಳಿ ಲೆಕ್ಕಾ ಐತೇನು ಕೇಳು."

ಕೇಳಿದೆ. ಯಾವುದೋ ಹಣ್ಣಿನ ಗಿಡ ಹೂ ಬಿಟ್ಟಾಗ ಹಗುರ ಮಣ್ಣು ಊಳಬೇಕು ಅಂತ ಐತಂದ ಬಡಿಗೇರ.

"ನಮ್ಮಲ್ಲಿ ರೋಹಿಣಿ ಮಳಿ ಬಂದ್ರ ಓಣೆಲ್ಲಾ ಜೋಳ" ಅಂದ ಕಾಕಾ. "ಇಲ್ಲಿ ರೋಹಿಣೀನೂ ಇಲ್ಲ, ಅವನ ಹೂವಿನ ಗಿಡಾನೂ ಇಲ್ಲ. ಏಸಿ ಮಳಿ ಒಂದ ಗತಿ."

ಆದ್ರ ದಂಟು ಕೂಡ್ತು ನೋಡ್ರಿ. ಅರಿವಿ ಬಿಚ್ಚಿದಾಗ ನಾ ಮುಟ್ಟಿ ಮುಟ್ಟಿ ನೋಡಿದೆ. ಹುರಿ ಹಗ್ಗ ಹೊಸದಂಗ ಹತ್ತೂ ಒಂದಾಗಿದ್ವು. ಬಳ್ಳಿ ಏಸಿ ಪೈಪ್ ಹಿಡದು ಗ್ವಾಡಿ ಏರಿತು. ಗ್ವಾಡಿ ಬಿಸಿಗೆ ಎಲಿ ಸುಡಬಾರ್ದು ಅಂತ ಬಡಿಗೇರ ಉಳದ ಕಟಗಿ ಪಟ್ಟಿಲೆ ಒಂದು ಚಪ್ಪರ ಹೊಡದ. ಸಂಜಿಕ ಬಿಳೇ ಹೂ ಅರಳ್ತಿದ್ವು. ಬೆಳ್ಳನ ಗ್ವಾಡಿ ಮ್ಯಾಲೆ ಬೆಳ್ಳನ ಹೂ. ವಾಸನಿ ಹಿಡದು ಹುಡುಕಬೇಕಿತ್ತು.

ಮೊದಲು ಬಂದ ಕಾಯಿ ಇಡಬಾರ್ದು, ಕಿತ್ತು ಬಿಡಬೇಕು, ಆಮ್ಯಾಲೆ ಬಂದದ್ದನ್ನ ಬೀಜಕ್ಕ ಇಡಬೇಕು. ಅದೂ ಪುಸ್ತಕದ್ದ. ಈ ಮಾತು ಮಾತ್ರ ಕಾಕಾಗ ಬಾಳ ಸೇರಿತು.

"ಶಾಣ್ಯಾ ಇದ್ದ ಬರದಾಂವ. ಕಿತ್ತದ್ದು ಎಲ್ಲೈತಿ? ಕೊಡಿಲ್ಲೆ."

ಶೇಂಗಾ ಪುಡಿ ಹಾಕಿ ಪಲ್ಯಾ ಮಾಡಿದ. ಬಡಿಗೇರನೂ ನಮ್ಮ ಖೋಲಿಗೆ ಬಂದು ಉಂಡ. ಖಾರಕ್ಕ ಅವನ ಮೂಗು ಸೋರ್ತು. ಇನ್ನಷ್ಟು ಹಾಕು ಅಂತ ತಾಟು ಮುಂದ ಹಿಡದ. ಅವತ್ತಿಂದ ಅವರಿಬ್ರೂ ದೋಸ್ತ್ ಆದ್ರು. ಭಾಷಾ ಇಲ್ಲದ ದೋಸ್ತಿ. ಕಾಕಾ ಕನ್ನಡದಾಗ ಬೈತಿದ್ದ, ಅಂವ ಚೀನಾದಾಗ ಬೈತಿದ್ದ.

ಆಮ್ಯಾಲಿನ ಕಾಯಿ ಬಿಸಲಿಗೆ ಉದರಿ ಉದರಿ ಬಿದ್ವು. ಜುಲೈ ತಿಂಗಳ ನಡುವ ಒಂದು ಕಾಯಿ ನಿಂತಿತು. ಒಂದ. ಅಮ್ಮನ ಬೀಜ ಮುಂದಕ್ಕ ಹೋದ್ರ ಆ ಕಾಯಿಯಿಂದ ಹೋಗಬೇಕು, ಇಲ್ಲಂದ್ರ ಅಲ್ಲಿಗೇ ಖಲಾಸ್. ಬಡಿಗೇರ ಅದನ್ನ ಬೆರಳು ಮಾಡಿ ತೋರಸ್ತಿರ್ಲಿಲ್ಲ, ಗದ್ದಾ ಎತ್ತಿ ತೋರಸ್ತಿದ್ದ. ಬೆರಳು ತೋರಿಸಿದ್ರ ಎಳೇ ಕಾಯಿ ಉದರ್ತೈತಂತ. ನಮ್ಮವ್ವನೂ ಹಂಗ ಅಂತಿದ್ದಳು. ಚೀನಾದಾಗ ಯಾರು ಹೇಳಿಕೊಟ್ರೋ.

ಕಾಯಿ ಯಾವಾಗ ಕೀಳೂದು ಅಂತ ಕೇಳಿದೆ. ಅಂವ ಪುಸ್ತಕ ತಗದು ಓದಿದ. ಬೆರಳು ಒಂದ ಸಾಲಿನ ಮ್ಯಾಲೆ ನಿಂತಿತು.

"ಏನೈತಿ?"

"ನೆಲದ ಮ್ಯಾಲೆ ಮಂಜು ಹೆಪ್ಪುಗಟ್ಟಿದ ಮ್ಯಾಲೆ ಅಂತ ಐತಿ."

ಬಿಸಲು ಆಗ ಎಷ್ಟಿತ್ತಂದ್ರ ನಲ್ಲಿ ಮುಟ್ಟಿದ್ರ ಕೈ ಸುಡ್ತಿತ್ತು. ಕಾಕಾಗ ಹೇಳಿದೆ.

"ಫ್ರಿಜ್‌ನ್ಯಾಗ ಬಳ್ಳಿ ಹಬ್ಬಸ್ರಿ" ಅಂದ.

ಸಾಹೇಬ ಆ ತಿಂಗಳ ಹೆಂಡ್ತಿ ಮಕ್ಕಳನ್ನ ಕರ್ಕೊಂಡು ರಜಾಕ್ಕ ಹೋದ. ಕಪಾಟಿನ ಕೆಲಸ ಇನ್ನೂ ಇತ್ತು, ಕಟಗಿ ಸೊಟ್ಟ ಆಗಬಾರ್ದು ಅಂತ ಏಸಿ ಚಾಲೂ ಇಟ್ಟು ಹೋದ. ಅದು ನಮ್ಮ ಪುಣ್ಯೆ.

ಆಗಸ್ಟ್ ಸುರುವಿಗೆ ಇರಾಕಿನ ಫೌಜು ಬಂತು. ಅದನ್ನ ನಾ ಏನು ಹೇಳ್ಲಿ, ಎಲ್ಲಾರಿಗೂ ಗೊತ್ತೈತಿ. ಆಫೀಸು ಬಂದ್, ಸೂಕ್ ಬಂದ್, ಕಾಕಾನ ಪೈಪ್‌ಲೈನ್ ಬಂದ್. ಮಂದಿ ಗಂಟು ಕಟ್ಟಿ ಬಗದಾದ್ ದಾರಿ ಹಿಡದ್ರು. ರಸ್ತೆ ಖಾಲಿ ಆಗಿ ಆಗಿ, ಕಡೀಕ ಸಿಗ್ನಲ್ ದೀಪ ಅಷ್ಟ ಉಳದ್ವು. ಕೆಂಪು, ಹಸರು, ಕೆಂಪು. ಯಾವ ಗಾಡಿನೂ ಇಲ್ಲ. ನಾ ಸೈಕಲ್ ಮ್ಯಾಲೆ ಕೆಂಪು ದೀಪಕ್ಕ ನಿಂದರ್ತಿದ್ದೆ. ಯಾಕ ನಿಂದರ್ತಿದ್ದೆ ಗೊತ್ತಿಲ್ಲ. ಹಸರು ಬಂದಮ್ಯಾಲೆ ಹೋಗ್ತಿದ್ದೆ.

ಬಂಗಲೆಗೆ ಸಿಪಾಯಿಗೋಳು ಬಂದು ಫ್ರಿಜ್ಜು ಒಯ್ದ್ರು, ಟಿವಿ ಒಯ್ದ್ರು, ಬಡಿಗೇರ ಮಾಡಿದ ಕಪಾಟಿನ ಬಾಗ್ಲಾನೂ ಒಯ್ದ್ರು. ಗ್ವಾಡ್ಯಾಗಿನ ಏಸಿ ಕೀಳಾಕ ಅವ್ರಿಗೆ ಪುರಸೊತ್ತು ಇರ್ಲಿಲ್ಲ. ಕರೆಂಟ್ ಇತ್ತು. ಖಾಲಿ ಮನಿ, ಒಳಗ ಯಾರೂ ಇಲ್ಲ, ಒಂದು ಸೋರೆಕಾಯಿ ಸಲುವಾಗಿ ಏಸಿ ತಿರಗ್ತಿತ್ತು.

ಆ ಹೊತ್ತಿನ್ಯಾಗ ಕಾಕಾ ಮಾಡಬಾರದ್ದು ಮಾಡಿದ.

ಹಸಿ ಕಾಯಿಪಲ್ಯಾ ನೋಡಿ ಎಷ್ಟೋ ದಿನಾ ಆಗಿತ್ತು. ಬರೇ ಬ್ಯಾಳಿ, ಖುಬ್ಬೂಸ್ ರೊಟ್ಟಿ. ಕಾಕಾ ನನ್ನ ಜೋಡಿ ಅಹ್ಮದಿಗೆ ಬಂದ, ಹಿತ್ತಲಕ್ಕ ಹೋದ, ಚಪ್ಪರದ ಕೆಳಗ ನಿಂತ. ಕಾಯಿ ಮೊಳಕೈ ಉದ್ದ ಆಗಿತ್ತು, ಮ್ಯಾಲೆ ಸಣ್ಣ ಸಣ್ಣ ಕೂದ್ಲು, ತಿಳಿ ಹಸರು. ನಮ್ಮ ಕಡೆ ಮಂದಿ ಹೆಂಗ ಗೊತ್ತಲ್ಲ. ಕಾಯಿ ಕೈಯಾಗ ಬಂತಂದ್ರ ಎಳೇದೋ ಬಲತದ್ದೋ ನೋಡಾಕ ಉಗುರು ಚುಚ್ಚದ ಬಿಡೂದಿಲ್ಲ. ಸಂತ್ಯಾಗ ನೋಡ್ರಿ, ಎಲ್ಲಾ ಹೀರಿಕಾಯಿ ಸೋರೆಕಾಯಿ ಮೈಮ್ಯಾಲೆ ಅರ್ಧಚಂದ್ರ. ಕಾಕಾ ಕೊಳ್ಳಾಕ ಬಂದಿರ್ಲಿಲ್ಲ, ಕೀಳಾಕೂ ಬಂದಿರ್ಲಿಲ್ಲ. ಕೈ ತಾನ ಹೋತು.

"ಅಯ್ಯ, ಬೆಣ್ಣಿ ಗತೆ ಐತಲೇ!" ಅಂದ.

ನಾ ತಿರುಗಿ ನೋಡಿದೆ. ಉಗುರಿನ ಗಾಯದಾಗ ನೀರು ಮುತ್ತಿನಂಗ ನಿಂತಿತ್ತು.

"ಏನ್ ಮಾಡ್ದ್ಯೋ ಕಾಕಾ! ಅದು ಬೀಜಕ್ಕ ಬಿಟ್ಟದ್ದು!"

"ನಾ ಏನ್ ಕೊಡ್ಲಿ ಹಾಕಿದ್ನೇನು? ಒಂದು ಉಗುರು!"

"ಉಗುರು ಬಿದ್ದ ಕಾಯಿ ಕೊಳೀತೈತಿ. ನಿಂಗ ಗೊತ್ತಿಲ್ಲೇನು? ಒಕ್ಕಲಗ್ಯಾನ ಮಗಾ ಅದೀಯೋ ಇಲ್ಲೋ?"

ಕಾಕಾ ಬೆರಳು ನೋಡ್ಕೊಂಡ. ಅಷ್ಟ್ರಾಗ ಬಡಿಗೇರ ಬಂದ. ಅಂವ ಒದರ್ತಾನ ಅಂದ್ಕೊಂಡಿದ್ದೆ. ಒದರ್ಲಿಲ್ಲ. ಗಾಯ ನೋಡಿದ, ಕೆಳಗ ಕುಂತ, ಪುಸ್ತಕ ಬಿಚ್ಚಿದ. ಬೆರಳು ಇಟ್ಟು ಹಿಂದ ಮುಂದ ಹುಡುಕಿದ. ಸೋರೆಕಾಯಿ ಹಾಳಿ ಎಲ್ಲಾ ತಿರುವಿ ಹಾಕಿದ. ಕಾಕಾ ಅವನ ಮುಂದ ಕುಕ್ಕರಗಾಲಿಲೆ ಕುಂತು, ಡಾಕ್ಟರ್ ಏನಂತಾನ ಅನ್ನೂವಂಗ ಅವನ ಮುಖಾನ ನೋಡ್ತಿದ್ದ.

"ಮಾಫಿ" ಅಂದ ಬಡಿಗೇರ. ಇದ್ರಾಗ ಇಲ್ಲ.

"ಎಲ್ಲಿಂದ ಇರ್ತೈತಿ" ಅಂದೆ ನಾ. "ಬರದಾಂವ್ಗ ನಮ್ಮ ಕಾಕಾನ ಪರಿಚೇನ ಇರ್ಲಿಲ್ಲ."

ಯಾರೂ ನಗಲಿಲ್ಲ. ಟಪ್, ಟಪ್ ಅಂತ ಗಡಿಗ್ಯಾಗ ನೀರು ಬೀಳ್ತಿತ್ತು. ಆಮ್ಯಾಲೆ ಕಾಕಾ ಎದ್ದ.

"ತೂತು ಬಿದ್ರ ಮುಚ್ಚೂದು ನನ್ನ ಕಸಬು" ಅಂದ.

ಬೇವಿನ ಕಡ್ಡಿ ಸುಟ್ಟು ಬೂದಿ ಮಾಡಿದ. ಗಾಯಕ್ಕ ಬೂದಿ ಒತ್ತಿ ನೀರು ಹೀರಿಸಿದ. ಮೇಣದ ಬತ್ತಿ ಹಚ್ಚಿ, ಹನಿ ತನ್ನ ಕೈ ಮ್ಯಾಲೆ ಬೀಳಿಸಿ, ಸುಡೂದು ಬಿಟ್ಟಮ್ಯಾಲೆ ಬೆರಳಿಲೆ ಕಾಯಿ ಮ್ಯಾಲೆ ಎಳದ. ಎಣ್ಣಿ ಪೈಪಿಗೆ ಹಾಕೂ ಹೊಲಿಗಿನೂ ಅಷ್ಟು ಸಾವಕಾಶ ಹಾಕಿರ್ಲಿಕ್ಕಿಲ್ಲ. ಮರುದಿನ ಬಂದು ನೋಡಿದ, ಅದರ ಮರುದಿನನೂ ಬಂದ. ಬರಬರ್ತಾ ನನಗಿಂತ ಮೊದಲ ಬರಾಕತ್ತಿದ. ಕಾಯಿ ಮುಂದ ಕುಂದರ್ತಿದ್ದ. ಬಡಿಗೇರ ಆಚೆ ಕಡೆ. ನಡುವ ಕಾಯಿ. ಪೂಜಿಗೆ ಕುಂತಂಗ. ಅಂವ ಓದ್ತಿದ್ದ, ಕಾಕಾ ಹೂಂ ಅಂತಿದ್ದ. ಒಂದು ಶಬ್ದಾನೂ ತಿಳೀದ ಹೂಂಗುಟ್ಟೂದು ಕಾಕಾಗ ಬರ್ತಿತ್ತು.

ಕಾಯಿ ಕೊಳೀಲಿಲ್ಲ. ಮೇಣ ಉದರಿತು, ಕೆಳಗ ಗಾಯ ಕಂದು ಬಣ್ಣದ ಹಕ್ಕಳಿ ಆಗಿತ್ತು. ಕಾಯಿ ಮೈ ಕೂದ್ಲು ಉದರಿ ನುಣ್ಣಗ ಆಗಾಕತ್ತಿತು. ಇನ್ನೊಂದು ತಿಂಗಳು ಬಳ್ಳಿಮ್ಯಾಲೆ ಇದ್ರ ಬೀಜ ಬಲೀತಾವ ಅಂದೆ ನಾ. ತಿಂಗಳು ಸಿಗಲಿಲ್ಲ. ಚೀನಾದ ಕ್ಯಾಂಪಿನ ಮಂದಿ ಗುಂಪು ಗುಂಪಾಗಿ ಹೊಂಟ್ರು. ಬಡಿಗೇರ ಮೊದಲಿನ ಬಸ್ಸು ಬಿಟ್ಟ, ಆಮ್ಯಾಲಿನದೂ ಬಿಟ್ಟ. ಒಂದು ಮುಂಜಾನಿ ಬಂದು, ಇವತ್ತು ಹೋಗೂದ ಕಡೀ ಬಸ್ಸು ಅಂದ. ಕ್ಯಾಂಪು ಬಂದ್ ಮಾಡ್ತಾರ, ಅನ್ನ ಇಲ್ಲ, ಉಳಿಯಾಕ ಬರೂದಿಲ್ಲ.

ಮೂರೂ ಮಂದಿ ಚಪ್ಪರದ ಕೆಳಗ ನಿಂತ್ವಿ. ಕಿತ್ರ ಅರ್ಧ ಬಲತದ್ದು, ಬೀಜ ಪೊಳ್ಳು ಇರಬಹುದು. ಬಿಟ್ಟು ಹೋದ್ರ ಇಲ್ಲಿ ಬಲೀತೈತಿ, ಆದ್ರ ಅವನ ಕೈಗೆ ಮುಟ್ಟಸೂದು ಹೆಂಗ? ನಾವಾದ್ರೂ ಎಷ್ಟು ದಿನ ಇರ್ತೀವೋ. ಅಂವ ಪುಸ್ತಕ ಬಿಚ್ಚಲಿಲ್ಲ. ನನ್ನ ಕಡೆ ನೋಡಿದ.

"ನೀ ಹೇಳು ಸದೀಕ್." ಸದೀಕ್ ಅಂದ್ರ ಅರಬ್ಬ್ಯಾಗ ದೋಸ್ತ್.

ನಂಗ ಉದ್ದುದ್ದ ವಿಚಾರ ಮಾಡಾಕ ಬರೂದಿಲ್ಲ. "ಒಯ್ಯಿ" ಅಂದೆ. "ಇಲ್ಲಿ ಬಿಟ್ರ ಸಿಪಾಯಿ ತಿಂತಾನ. ಸಿಪಾಯಿ ಬಿಟ್ರ ಕಾಕಾ ತಿಂತಾನ."

ಕಾಕಾ ಬೈಲಿಲ್ಲ. ಅವನ ಕಣ್ಣು ತುಂಬಿದ್ವು.

"ಬರೇ ಕಾಯಿ ಕೀಳಬ್ಯಾಡ" ಅಂದೆ. ಮೇಮ್‌ಸಾಹೇಬ್ರಿಗೆ ಹೂವಿನ ಟೊಂಗಿ ಕೊಯ್ದು ನೀರಾಗ ಇಟ್ಟು ಕೊಡ್ತಿದ್ದೆ ನಾ, ವಾರಗಟ್ಲೆ ತಾಜಾ ಇರ್ತಿದ್ವು. ಕಾಯಿ ಎರಡೂ ಕಡೆ ಮಾರುದ್ದ ಬಳ್ಳಿ ಬಿಟ್ಟು, ಎಲಿ ಸಮೇತ ಕೊಯ್ದೆ. ಬುಡದ ತುದಿ ಕುಡಿಯೂ ನೀರಿನ ಬಾಟ್ಲ್ಯಾಗ ಇಳಿಸಿದೆ. ಚೆಲ್ಲಬಾರ್ದು ಅಂತ ಕಾಕಾ ಬಾಟ್ಲಿ ಬಾಯಿಗೆ ಅರಿವಿ ತುರುಕಿ, ಕರಿ ಟೇಪ್ ಸುತ್ತಿ ಸುತ್ತಿ ಬಿಗಿದ. ಬೇನ್ಯಾಳಿಗೆ ಸಲಾಯಿನ್ ಹಚ್ಚಿದಂಗ ಕಾಣ್ತಿತ್ತು.

ಕ್ಯಾಂಪಿನ ಮುಂದ ಬಸ್ಸು ನಿಂತಿತ್ತು. ಅವ್ರ ಮಂದಿ ಕಾಯಿ ನೋಡಿ ನಕ್ಕು, ಏನೇನೋ ಕಾಡಿಸಿದ್ರು. ನಕ್ಕೋತ ಖಿಡಕಿ ಬಾಜೂಕ ಜಾಗಾನೂ ಮಾಡಿಕೊಟ್ರು. ಬಡಿಗೇರ ಪುಸ್ತಕ ತಗದು ನಂಗ ಚಾಚಿದ.

"ಬ್ಯಾಡ" ಅಂದೆ. "ನಂಗ ಓದಾಕ ಬರೂದಿಲ್ಲ. ನಿಂಗ ಬೇಕಾಗ್ತೈತಿ."

ತಿರುಗಿ ಕಿಸೇದಾಗ ಇಟ್ಕೊಂಡ. ಕಾಕಾ ಅವನ ಕೈ ಹಿಡದು, "ನೀರು ಹಾಕ್ತಿರು, ದಿನಾ ಹಾಕ್ತಿರು" ಅಂತ ಕನ್ನಡದಾಗ ಹೇಳಿದ. ಅಂವ ಹೂಂ ಅಂದ. ಬಸ್ಸು ಹೊಂಟಿತು. ಖಿಡಕ್ಯಾಗಿಂದ ಸೋರೆ ಎಲಿ ಹೊರಗ ಬಂದು ಗಾಳಿಗೆ ಅಳ್ಳಾಡಿದ್ವು. ಧೂಳಿನ್ಯಾಗ ಬಸ್ಸು ಕರಗಿ ಹೋದಮ್ಯಾಲೂ ಆ ಹಸರು ಸ್ವಲ್ಪ ಹೊತ್ತು ಕಂಡಂಗ ಆತು. ಕಣ್ಣಿಗೆ ಹಂಗ ಆಗ್ತಿರ್ತೈತಿ.

ಮುಂದ ನಾವೂ ಅದ ದಾರಿ ಹಿಡದ್ವಿ. ಬಗದಾದ್, ಅಮ್ಮಾನ್, ಬಾಂಬೆ, ಊರು. ಊರಾಗ ಯುದ್ಧದ ಸುದ್ದಿ ರೇಡಿಯೋದಾಗ ಕೇಳ್ತಿದ್ವಿ. ಕಾಕಾ ರೇಡಿಯೋ ಕಡೆ ಕಿವಿ ಇಟ್ಟು ನನ್ನ ಕೇಳ್ತಿದ್ದ, "ಆ ಬೀಜ ಬಲತಿದ್ದಾವೇನೋ?" "ಬಲತಿರ್ತಾವ ಬಿಡು" ಅಂದ್ರ ನಂಬತಿರ್ಲಿಲ್ಲ. "ನಿಂಗೇನು ಗೊತ್ತು" ಅಂತಿದ್ದ. "ನಾ ಉಗುರು ಹಾಕಿದ್ದಕ್ಕ ಒಳಗ ಕೊಳತಿದ್ರ? ಮ್ಯಾಲೆ ಚಲೋ ಕಂಡು ಒಳಗ ಕೊಳತಿದ್ರ?" ಉಣ್ಣೂವಾಗ ಕೇಳ್ತಿದ್ದ, ಬಸ್ ಸ್ಟ್ಯಾಂಡಿನ್ಯಾಗ ಕೇಳ್ತಿದ್ದ. ಕೇಳಿಸಿಕೊಂಡು ಕೇಳಿಸಿಕೊಂಡು ನಂಗ ತಲಿ ಕೆಟ್ಟಿತು.

ಯುದ್ಧ ಮುಗದು ಬ್ಯಾಸಿಗ್ಯಾಗ ತಿರುಗಿ ಕೆಲಸಕ್ಕ ಕರದ್ರು. ಬಂದು ನೋಡಿದ್ರ ಎಣ್ಣಿ ಬಾವಿಗೋಳು ಉರೀತಿದ್ವು, ಅಹ್ಮದಿಯೊಳಗ ಮಧ್ಯಾಹ್ನಕ್ಕ ದೀಪ ಹಚ್ತಿದ್ರು. ಎಲಿ ಕರ್ರಗ, ಗ್ವಾಡಿ ಕರ್ರಗ, ಬೆಕ್ಕು ಕರ್ರಗ. ಕಂಪನಿ ನಂಗ ಗಿಡ ತೊಳಿಯೂ ಕೆಲಸ ಕೊಡ್ತು. ಬೇವಿನ ಎಲಿ ಒಂದೊಂದ ಒರಸ್ತಿದ್ದೆ, ಕೆಳಗಿಂದ ಹಸರು ಕಾಣ್ತಿತ್ತು, ಸಂಜಿಕ ಮತ್ತ ಕರ್ರಗ. ಅಷ್ಟು ಕತ್ತಲದಾಗ ಹೊತ್ತು ಎಷ್ಟು ಆತು ಅಂತಾನೂ ತಿಳೀತಿರ್ಲಿಲ್ಲ. ಆ ಬಂಗಲೆ ಹಿತ್ತಲದಾಗ ಹೂತ ಗಡಿಗಿ ಹಂಗ ಇತ್ತು, ಮ್ಯಾಲೆ ಎಣ್ಣಿ ಮಸಿ.

ಗಡಿಗಿ ತೊಳದೆ. ಊರಿಂದ ತಂದ ಸೋರೆ ಬೀಜ ಹಾಕಿದೆ. ಕಾಕಾಗ ಹೇಳಿದೆ, "ಬಾಯಿ ಮುಚ್ಚು. ಅರ್ಧ ಬಲತ ಕಾಯಿ ಬೀಜ ಏಳ್ತಾವೋ ಇಲ್ಲೋ ನೋಡೇ ಬಿಡೂಣು."

ಬೆಂಕಿ ಆರಿದಂಗ ಬಿಸಲು ಬಂತು, ಬಳ್ಳಿ ಏರಿತು, ಕಾಯಿ ಹಿಡೀತು. ಬಡಿಗೇರನ ಕಾಯಿಯಷ್ಟ ವಯಸ್ಸಿಗೆ ಬಂದಾಗ ಹಂಗ ಬಳ್ಳಿ ಸಮೇತ ಕೊಯ್ದು ಬಾಟ್ಲ್ಯಾಗ ಇಟ್ಟೆ. ಅದಕ್ಕೂ ಮೊದಲ ಕಾಕಾ ತಾನ ಉಗುರು ಹಾಕಿ, ತಾನ ಬೂದಿ ಹಚ್ಚಿ ಮೇಣ ಎಳದಿದ್ದ. ಅಷ್ಟ ಅಲ್ಲ. "ಬಸ್ಸಿನ್ಯಾಗ ಕುಲುಕಾಟ ಆಗಿರ್ತೈತಲ್ಲ" ಅಂತ ಹೇಳಿ ಅದನ್ನ ಡ್ಯೂಟಿ ಪಿಕಪ್‌ನ್ಯಾಗ ತನ್ನ ತೊಡಿ ಮ್ಯಾಲೆ ಇಟ್ಕೊಂಡು ಅಡ್ಡ್ಯಾಡಿದ. ಮಂದಿ ಕೇಳಿದ್ರ, "ಚೀನಾಕ್ಕ ಹೊಂಟೇತಿ" ಅಂತಿದ್ದ. ಅಂವ ಮನಿ ಮುಟ್ಟಿರಬಹುದು ಅನಿಸಿದಷ್ಟು ದಿನ ಆದಮ್ಯಾಲೆ ಕಾಯಿನ ಖೋಲ್ಯಾಗ ತೂಗಹಾಕಿದ್ವಿ. ಒಣಗಿತು. ಒಡದ್ವಿ.

ಅರ್ಧ ಬೀಜ ಪೊಳ್ಳು. ಉಳದವನ್ನ ಒದ್ದಿ ಅರಿವ್ಯಾಗ ಕಟ್ಟಿ ಒಲಿ ಬಾಜೂಕ ಇಟ್ವಿ.

ಒಂದು ಮುಂಜಾನಿ ಕಾಕಾ ಡ್ಯೂಟಿಗೆ ಹೋಗೂಕ್ಕಿಂತ ಮೊದಲು ಗಂಟು ಬಿಚ್ಚಿದ. ಕೆಳಗ ಪಿಕಪ್ಪು ಹಾರ್ನ್ ಹೊಡೀತಿತ್ತು. ಬಿಚ್ಚಿ ಕೈ ಮಾಡಿ ನನ್ನ ಕರದ. ನಾ ಭಾಂಡಿ ಬಿಟ್ಟು ಎದ್ದು ಹೋದೆ. ಸಿಪ್ಪಿ ಸೀಳಿ ಬೆಳ್ಳನ ಮೊಳಕಿ ಬಂದಿದ್ವು. ಎಲ್ಲಾದಕ್ಕೂ ಅಲ್ಲ. ಕೆಲವಕ್ಕ.

"ಎದ್ದಾವಲೇ" ಅಂದ.

"ಹೂಂ."

"ಹಂಗಾದ್ರ ಅಲ್ಲೂ ಎದ್ದಿರ್ತಾವ?"

"ಅಲ್ಲೀದು ನಂಗ ಗೊತ್ತಿಲ್ಲ ಕಾಕಾ. ಏಳಾಕ ಬರ್ತೈತಿ ಅನ್ನೂದು ಗೊತ್ತಾತು."

ಕಾಕಾ ತಲಿ ಅಳ್ಳಾಡಿಸಿದ. ಒದ್ದಿ ಅರಿವಿ ಅಂಗೈ ಮ್ಯಾಲೆ ಹರಡಿಕೊಂಡು ಖಿಡಕಿ ಬೆಳಕಿಗೆ ಕುಂತ. ಕೆಳಗ ಹಾರ್ನ್ ಮತ್ತ ಮತ್ತ ಹೊಡೀತು. ಕಡೀಕ ನಾನ ಇಳದು ಹೋಗಿ ಡ್ರೈವರಗ ಹೇಳಿದೆ, "ಭಾಯಿ, ಚಲೋ. ಕಾಕಾ ಇವತ್ತು ಬರಂಗಿಲ್ಲ."